ಬೆಂಚು ಬಡಿತ

ಹೆಬ್ಬಾಳದ ಜಾಮ್ ಕಂಡರೆ ತಾಹೆರಾಗೆ ಮೈ ಉರಿಯುತ್ತಿತ್ತು. ಅವತ್ತು ಮಾತ್ರ ಅದು ಇನ್ನಷ್ಟು ಹೊತ್ತು ಇರಬಾರದಿತ್ತೇ ಅನ್ನಿಸಿತು. ಯಲಹಂಕದ ಕಾಲೇಜು ತಲುಪಿದರೆ ಸೆಮಿಸ್ಟರಿನ ಮೊದಲ ಕ್ಲಾಸು. ಪಾಠ ಅವಳದ್ದಲ್ಲ, ಪಕ್ಕದ ಸೀಟಿನಲ್ಲಿ ಮಗುವಿನ ಹಾಗೆ ಕಿಟಕಿಗೆ ಮೂಗು ಒತ್ತಿಕೊಂಡಿದ್ದ ಯೋರ್ಗ್ ಅವರದ್ದು. ಜರ್ಮನಿಯಿಂದ ಒಂದು ಸೆಮಿಸ್ಟರ್ ಫಿಸಿಕ್ಸ್ ಕಲಿಸಲು ಬಂದವರು. ಮೇಲ್ ಮೇಲೆ ಮೇಲ್ ಹಾಕಿ ಅವರನ್ನು ಒಪ್ಪಿಸಿದವಳು ಅವಳೇ.

ಭಯ ಇದ್ದದ್ದು ಬೆಂಚಿನದು. ನಮ್ಮ ಹುಡುಗರ ಬುದ್ಧಿ ಗೊತ್ತಲ್ಲ! ಪಾಠ ಬೋರು ಹೊಡೆದರೆ ಬಾಯಿಬಿಟ್ಟು ಹೇಳುವುದಿಲ್ಲ, ಬೆಂಚು ಬಡಿಯುತ್ತಾರೆ. ‘ಸಾಕು, ಜಾಗ ಖಾಲಿ ಮಾಡಿ’ ಎಂದು ಅರ್ಥ. ಹೋದ ವರ್ಷ ಹೊರಗಿನಿಂದ ಬಂದಿದ್ದ ಮೇಷ್ಟ್ರು ಆ ಸದ್ದಿಗೆ ಒಂದೇ ವಾರದಲ್ಲಿ ಗಂಟುಮೂಟೆ ಕಟ್ಟಿದ್ದರು.

“ಇವ್ರೂ ಓಡಿಹೋದ್ರೆ ಈ ಉಸಾಬರಿನೇ ಬೇಡ ತಾಹೆರಾ ಅವ್ರೇ, ನಿಲ್ಲಿಸ್ಬಿಡೋಣ” ಎಂದು ವಿಭಾಗದ ಮುಖ್ಯಸ್ಥ ವಿಜಯ್ ಕುಮಾರ್ ಮೊದಲೇ ಎಚ್ಚರಿಸಿದ್ದರು.

ಕಾಲೇಜು ತಲುಪಿದ ಕೂಡಲೇ ಯೋರ್ಗ್ ಕ್ಲಾಸಿನೊಳಗೆ ಹೋದರು. ತಾಹೆರಾ ಬಾಗಿಲ ಸಂದಿಯಿಂದ ಇಣುಕುತ್ತ ಹೊರಗೇ ನಿಂತಳು. ಪಾಪ, ಮನುಷ್ಯ ಒಳ್ಳೆಯವರು, ಆದರೆ ಮಾತು ನಿಧಾನ. ಹಬೆಯ ಬಗ್ಗೆ ಶುರು ಮಾಡಿದರು, ಬೋರ್ಡಿನ ಮೇಲೆ ಒಂದು ಪಾತ್ರೆ ಬರೆದರು, ಅಳಿಸಿದರು, ಮತ್ತೆ ಅದೇ ಪಾತ್ರೆ ಬರೆದರು. ಹಿಂದಿನ ಸಾಲಿನಿಂದ ಗೋಕುಲ್ ಟಕ್ ಟಕ್ ಶುರು ಮಾಡಿದ. ಆ ಹುಡುಗ ಎಲ್ಲ ಕಿತಾಪತಿಗೂ ಮುಂದು. ನೋಡನೋಡುತ್ತಿದ್ದಂತೆ ಇಡೀ ಕ್ಲಾಸು ದಬದಬ ಬಡಿಯತೊಡಗಿತು. ಯಾ ಅಲ್ಲಾ, ಮುಗೀತು ಕಥೆ, ಅಂದುಕೊಂಡಳು ತಾಹೆರಾ.

ಯೋರ್ಗ್ ಸೀಮೆಸುಣ್ಣ ಕೆಳಗಿಟ್ಟರು. ಕಣ್ಣು ತುಂಬಿತ್ತು. ಎದೆಯ ಮೇಲೆ ಕೈಯಿಟ್ಟು, ತಲೆಬಾಗಿ, “ಇದನ್ನು ನಾನು ಮರೆಯುವುದಿಲ್ಲ” ಎಂದರು. “ನಮ್ಮಲ್ಲಿ ವಿದ್ಯಾರ್ಥಿಗಳು ಮೆಚ್ಚಿದರೆ ಮಾತ್ರ ಬೆಂಚು ಬಡಿಯುತ್ತಾರೆ. ಅದೂ ಪಾಠ ಮುಗಿದ ಮೇಲೆ. ನೀವು ಅರ್ಧಕ್ಕೇ ಬಡಿದಿರಿ!”

ಬಡಿದ ಕೈಗಳೆಲ್ಲ ಬೆಂಚಿನ ಕೆಳಗೆ ಸೇರಿಕೊಂಡವು. ಗೋಕುಲನ ಮುಖ ಇಂಗು ತಿಂದ ಮಂಗನಂತಾಯಿತು. ಆಮೇಲೆ ಗಂಟೆ ಹೊಡೆಯುವ ತನಕ ಒಬ್ಬರೂ ಕೆಮ್ಮಲಿಲ್ಲ.

ಹೊರಗೆ ಬಂದವನೇ ಗೋಕುಲ್ ತಾಹೆರಾಳ ಹಿಂದೆ ಓಡಿದ. “ಮ್ಯಾಮ್, ತಪ್ಪಾಯ್ತು. ಸರ್‌ಗೆ ನಿಜ ಹೇಳಿ ಸಾರಿ ಕೇಳ್ಬಿಡ್ಲಾ?”

“ಬಾಯ್ಬಿಟ್ಟೆಯೋ, ನೋಡು ಮತ್ತೆ!” ಎಂದಳು ತಾಹೆರಾ.

ಕ್ಯಾಂಟೀನಿನಲ್ಲಿ ಯೋರ್ಗ್ ಕಾಫಿ ಕುಡಿಯುವುದನ್ನೂ ಮರೆತು ಸಿಕ್ಕಸಿಕ್ಕವರಿಗೆಲ್ಲ ಇದನ್ನೇ ಹೇಳಿದರು. ಕೊನೆಗೆ ಅವಳ ಕಡೆ ತಿರುಗಿ, “ನಿಮಗೂ ಬಡಿಯುತ್ತಾರಾ?” ಎಂದರು.

“ತುಂಬಾ” ಎಂದಳು. ಸುಳ್ಳೇನಲ್ಲವಲ್ಲ! ಈ ಕಾಲೇಜಿಗೆ ಸೇರಿದಾಗಿನಿಂದ ಆ ಸದ್ದು ಕೇಳಿದ ಕೂಡಲೇ ಚೀಲ ಎತ್ತಿಕೊಂಡು ಹೊರಗೆ ನಡೆದವಳು ಅವಳು. ಮನೆಯಲ್ಲಿ ಅಮ್ಮಿಗೂ ಹೇಳಿರಲಿಲ್ಲ.

“ಹಾಗಾದರೆ ನಾನೂ ನಿಮ್ಮ ಪಾಠ ಕೇಳಬೇಕು!”

ಬೇಡ ಎನ್ನಲು ನೆಪ ಹೊಳೆಯಲಿಲ್ಲ. ಮಧ್ಯಾಹ್ನ ಅದೇ ಕ್ಲಾಸಿಗೆ ಅವಳ ಪಾಠ, ಮೊದಲ ಸಾಲಿನಲ್ಲಿ ಯೋರ್ಗ್. ಇವತ್ತು ನಡುವೆ ಬಡಿದರೆ ಅವಳು ಓಡುವುದನ್ನು ಅವರು ಕಾಣುತ್ತಾರೆ. ಓಡದೆ ನಿಲ್ಲುವುದು ಅವಳಿಗೆ ಗೊತ್ತೇ ಇಲ್ಲ. ಆದರೂ ಅವಳಿಗೆ ಇಷ್ಟವಾದ ಪಾಠ, ಬೆಳಕಿನದು. ಹೇಳುತ್ತಾ ಹೇಳುತ್ತಾ ಭಯ ಎಲ್ಲಿಗೋ ಹೋಯಿತು. ಯಾರೂ ಬಡಿಯಲಿಲ್ಲ. ಪಾಠ ಮುಗಿಯಿತು.

ಆಗ ಯೋರ್ಗ್ ಒಬ್ಬರೇ ಬೆರಳ ಗೆಣ್ಣಿನಿಂದ ಬೆಂಚನ್ನು ಟಕಟಕ ಬಡಿಯಲು ಶುರು ಮಾಡಿದರು. ಹುಡುಗರು ಮುಖ ಮುಖ ನೋಡಿಕೊಂಡರು. ಹಿಂದಿನ ಸಾಲಿನಲ್ಲಿ ಗೋಕುಲ್ ಸೇರಿಕೊಂಡ, ಆಮೇಲೆ ಎಲ್ಲರೂ. ರೂಢಿಯ ಬಲ, ತಾಹೆರಾಳ ಕೈ ಚೀಲವನ್ನು ಹೆಗಲಿಗೇರಿಸಿತು, ಕಾಲು ಬಾಗಿಲ ತನಕ ಹೋಗಿಬಿಟ್ಟಿತು. ಅಲ್ಲಿ ನಿಂತು ತಿರುಗಿದಳು.

ಯೋರ್ಗ್‌ಗೆ ಅರ್ಥವಾಗದಿರಲೆಂದು ಕನ್ನಡದಲ್ಲೇ ಕೇಳಿದಳು: “ಇದ್ಯಾವ್ ಬಡಿತ ಕಣ್ರೋ?”

“ಜರ್ಮನಿದು, ಮ್ಯಾಮ್!” ಎಂದು ಗೋಕುಲ್ ಕೂಗಿದ. “ನಿಜವಾಗ್ಲೂ!”

ತಾಹೆರಾ ವಾಪಸು ಬಂದು ಚೀಲವನ್ನು ಮೇಜಿನ ಮೇಲಿಟ್ಟಳು. ಆ ಸದ್ದು ನಿಲ್ಲುವವರೆಗೂ ಅಲ್ಲೇ ನಿಂತಿದ್ದಳು.