ಹುಣಸೂರಿನ ತೊಂಬತ್ತೇಳು

ಚಿಕ್ಕತಾಯಮ್ಮನ ಬಳಿ ಒಂದು ಕತೆಯಿತ್ತು. ಚೆನ್ನೈನ ಪೋರೂರಿನ ಒಂದು ಶಾಲೆಗೆ ವಿಜ್ಞಾನದ ಟೀಚರಾಗಿ ಸೇರಿದ ಮೇಲೆ ಅದನ್ನು ಕೇಳದೆ ಪಾರಾದ ಮಕ್ಕಳಿಲ್ಲ. ಹುಣಸೂರಿನ ಹೈಸ್ಕೂಲಿನಲ್ಲಿ ಅವಳು ಒಂಬತ್ತನೇ ತರಗತಿಯಲ್ಲಿದ್ದಾಗ ನೀರು ಕುದಿಸಿ ಡಿಗ್ರಿ ಅಳೆಯುವ ಪ್ರಯೋಗ ನಡೆಯಿತಂತೆ. ಥರ್ಮಾಮೀಟರು ತೊಂಬತ್ತೇಳಕ್ಕೆ ಬಂದು ನಿಂತಿತು, ಮುಂದಕ್ಕೆ ಜಗ್ಗಲಿಲ್ಲ. ಅವಳು ಕಂಡದ್ದನ್ನು ಕಂಡ ಹಾಗೇ ಬರೆದಳು. ಮೇಷ್ಟ್ರು ಅದನ್ನು ಹೊಡೆದುಹಾಕಿ ನೂರು ಎಂದು ತಿದ್ದಿದರು, ಅದು ಸಾಲದೆಂದು ಕಿವಿಯನ್ನೂ ಹಿಂಡಿದರು. ಸಮುದ್ರಮಟ್ಟದಿಂದ ಎತ್ತರದಲ್ಲಿರುವ ಊರುಗಳಲ್ಲಿ ನೀರು ನೂರಕ್ಕೆ ಮೊದಲೇ ಕುದಿಯುತ್ತದೆ, ಹುಣಸೂರಿಗೆ ತೊಂಬತ್ತೇಳೇ ಸರಿ ಎಂಬುದು ಅವಳಿಗೆ ತಿಳಿದದ್ದು ಮೈಸೂರಿನಲ್ಲಿ ಬಿ.ಎಸ್ಸಿ. ಓದುವಾಗ. ಅಲ್ಲಿಂದ ಮುಂದೆ ಆ ಕತೆಯನ್ನು ಅವಳು ಕೆಳಗಿಡಲಿಲ್ಲ. ಗಂಡ ಅಂದಾನಿ ಹೆಣ್ಣು ನೋಡಲು ಹೋದ ದಿನ, ತಟ್ಟೆಯ ಉಪ್ಪಿಟ್ಟು ಮುಗಿಯುವ ಮೊದಲೇ ಅದನ್ನು ಕೇಳಿಸಿಕೊಂಡಿದ್ದ.

ಶಾಲೆಯ ಪ್ರಯೋಗಾಲಯದಲ್ಲಿ ಆಗ ಕ್ರೀಡಾದಿನದ ಮುರಿದ ಕುರ್ಚಿಗಳು ವಾಸವಾಗಿದ್ದವು. ಅವನ್ನು ಎತ್ತಿಸುವುದಕ್ಕೇ ಅವಳಿಗೆ ಎರಡು ವರ್ಷ ಹಿಡಿಯಿತು. ಕೊನೆಗೆ ಹೆಡ್‌ಮಾಸ್ಟರ್ ಹರಿದಾಸರು, ನಾಲ್ಕು ತಲೆಮಾರಿನಿಂದ ಮದರಾಸಿನಲ್ಲೇ ಬೇರುಬಿಟ್ಟ ಕನ್ನಡ ಮನೆತನದವರು, ಒಂಬತ್ತನೇ ತರಗತಿಗೆ ಗುರುವಾರದ ಎರಡು ಪೀರಿಯಡ್ಡುಗಳನ್ನು ಬಿಟ್ಟುಕೊಟ್ಟರು. ಕೊಟ್ಟದ್ದು ಒಂದು ಟರ್ಮಿಗೆ ಮಾತ್ರ. ಟರ್ಮಿನ ಕೊನೆಯಲ್ಲಿ ಅವರೇ ಬಂದು ಮಕ್ಕಳ ನೋಟುಬುಕ್ಕು ನೋಡುತ್ತಾರೆ. ಫಲ ಕಾಣಿಸದಿದ್ದರೆ ಆ ಎರಡು ಪೀರಿಯಡ್ಡು ಎಂಟ್ರೆನ್ಸ್ ಕೋಚಿಂಗಿಗೆ ಹೋಗುತ್ತದೆ.

ಹರಿದಾಸರು ನೋಡಲು ಬರುವ ಮುಂಚಿನ ಕೊನೆಯ ಪ್ರಯೋಗಕ್ಕೆ ಚಿಕ್ಕತಾಯಮ್ಮ ಕುದಿಯುವ ನೀರನ್ನೇ ಆರಿಸಿಕೊಂಡಳು. ಲೆಕ್ಕಾಚಾರ ಇಲ್ಲದೆ ಅಲ್ಲ. ಚೆನ್ನೈ ಸಮುದ್ರದ ಮಗ್ಗುಲಿಗೇ ಇದೆ, ಇಲ್ಲಿ ಪುಸ್ತಕಕ್ಕೂ ಥರ್ಮಾಮೀಟರಿಗೂ ಜಗಳವಿಲ್ಲ. ಮಕ್ಕಳು ಕಂಡದ್ದನ್ನೇ ಬರೆಯುತ್ತಾರೆ, ಹರಿದಾಸರಿಗೆ ಬೇಕಾದ ನೂರೇ ಬರುತ್ತದೆ. ಆದರೂ ದೀಪ ಹಚ್ಚುವ ಮುಂಚೆ ಹುಣಸೂರಿನ ಕತೆಯನ್ನು ಇನ್ನೊಮ್ಮೆ ಹೇಳದೆ ಇರಲಾಗಲಿಲ್ಲ. ಹೇಳಿ, ಪ್ರತಿ ಪುಟದ ಕೆಳಗೂ "ನಾನು ಕಂಡದ್ದನ್ನೇ ಬರೆದಿದ್ದೇನೆ" ಎಂದು ಬರೆದು ಸಹಿ ಹಾಕಬೇಕೆಂದಳು.

ಎಂಟು ಮೇಜು, ಎಂಟು ಸ್ಪಿರಿಟ್ ದೀಪ, ಮೇಜಿಗೆ ನಾಲ್ಕು ಮಕ್ಕಳು. ಅವಳು ಸುತ್ತು ಹಾಕುತ್ತ ನಾಲ್ಕೈದು ಮೇಜುಗಳಲ್ಲಿ ಬಗ್ಗಿ ನೋಡಿದಳು. ಕೆಂಪು ಗೆರೆ ನೂರರ ಮೇಲೇ ಕೂತಿತ್ತು. ಅವಳಿಗೆ ಎದೆ ತುಂಬಿ ಬಂತು.

ಅಂದು ಸಂಜೆ ಮನೆಯಲ್ಲಿ ನೋಟುಬುಕ್ಕು ತೆರೆದಳು. ಮೊದಲನೆಯದರಲ್ಲಿ ತೊಂಬತ್ತೇಳು. ಎರಡನೆಯದರಲ್ಲೂ ತೊಂಬತ್ತೇಳು. ದೀಕ್ಷಿತ್ ಎಂಬ ಜಾಣ ತೊಂಬತ್ತೇಳು ಪಾಯಿಂಟ್ ಮೂರು ಐದು ಎಂದು ಬರೆದಿದ್ದ. ಶಾಲೆಯ ಥರ್ಮಾಮೀಟರಿನಲ್ಲಿ ಡಿಗ್ರಿಗಿಂತ ಚಿಕ್ಕ ಗೆರೆಯೇ ಇರಲಿಲ್ಲ. ಅಷ್ಟರವರೆಗೆ ಸಿಕ್ಕವರೆಲ್ಲರೂ ಕಂಡದ್ದನ್ನೇ ಬರೆದಿದ್ದೇವೆಂದು ದುಂಡಗೆ ಸಹಿ ಹಾಕಿದ್ದರು. ಮಿಸ್‌ಗೆ ಯಾವುದು ಇಷ್ಟ ಎಂಬುದು ಮಕ್ಕಳಿಗೆ ಗೊತ್ತಿತ್ತು, ಅವರ ತಪ್ಪೇನೂ ಇರಲಿಲ್ಲ.

ಶೋಳಿಂಗನಲ್ಲೂರಿನ ಆಫೀಸಿನಿಂದ ಬಂದ ಅಂದಾನಿ ಷೂ ಬಿಚ್ಚುತ್ತ ವಿಷಯ ಕೇಳಿದ. ನಗು ತಡೆಯಲಾಗದೆ ಅಲ್ಲೇ ಕೂತ.

"ಬುಡು ಅತ್ಲಾಗೆ. ನಿಮ್ ಮೇಷ್ಟ್ರು ಒಬ್ಳ ಪುಸ್ತಕ್ದಲ್ಲಿ ಸುಳ್ ಬರುದ್ರು. ನೀನು ಇಡೀ ಕ್ಲಾಸ್ ಕೈಲೇ ಬರುಸ್ದೆ."

ಅವಳಿಗೆ ನಗು ಬರಲಿಲ್ಲ. ನಾಚಿಕೆಯಾಯಿತು. ಪುಸ್ತಕವನ್ನು ನಂಬಬೇಡಿ ಎಂದು ಹೇಳಿ ಹೇಳಿ ತಾನೇ ಒಂದು ಪುಸ್ತಕವಾಗಿದ್ದಳು. ಉಳಿದ ನೋಟುಬುಕ್ಕುಗಳನ್ನು ಮಗುಚುತ್ತ ಹೋದಾಗ ಒಂದೇ ಒಂದರಲ್ಲಿ ನೂರು ಸಿಕ್ಕಿತು. ಅದು ಮಾನ್ಯಾಳದು. ಕೊನೇ ಮೇಜಿನ ಮಾತಿಲ್ಲದ ಹುಡುಗಿ. ಮನೆಯಲ್ಲಿ ಕನ್ನಡ, ನಾಲಗೆಯ ಮೇಲೆ ತಮಿಳು. ಒಬ್ಬಳಾದರೂ ಇದ್ದಾಳಲ್ಲ ಎಂದು ಚಿಕ್ಕತಾಯಮ್ಮ ಆ ಪುಟವನ್ನು ಎರಡು ಸಲ ಸವರಿದಳು.

ಮಾರನೇ ದಿನ ಮಾನ್ಯಾಳನ್ನು ಪ್ರಯೋಗಾಲಯಕ್ಕೆ ಕರೆಸಿ, ಕ್ಲಾಸಿಗೆಲ್ಲ ನೀನೊಬ್ಬಳೇ ಕಣವ್ವ ಕಂಡದ್ದು ಬರೆದವಳು ಎಂದು ಬೆನ್ನು ತಟ್ಟಿದಳು. ಹುಡುಗಿ ತಲೆ ಬಗ್ಗಿಸಿದಳು.

"ಇಲ್ಲ ಮಿಸ್. ನಮ್ಮ ಟೇಬಲ್‌ದು ಲ್ಯಾಂಪ್ ಹತ್ತವೇ ಇಲ್ಲ. ನಾನು ಬುಕ್ ಪಾತ್ತು... ನೋಡಿ ಬರ್ದೆ."

ಅವಳ ಮೇಜಿನ ಉಳಿದ ಮೂವರು ತೊಂಬತ್ತೇಳು ಬರೆದಿದ್ದರಲ್ಲ, ನೀನ್ಯಾಕೆ ಬರೆಯಲಿಲ್ಲ ಎಂದು ಚಿಕ್ಕತಾಯಮ್ಮ ಕೇಳಿದಳು.

"ಅದು ನಿಮ್ಮದಲ್ವಾ ಮಿಸ್. ನಾನು ಹೇಗೆ ಬರೀಲಿ?"

ಆಗ ಚಿಕ್ಕತಾಯಮ್ಮ ಪುಟದ ಕೆಳಗೆ ನೋಡಿದಳು. ಸಹಿಯ ಜಾಗ ಖಾಲಿಯಿತ್ತು. ನೀರೇ ಕುದಿಯದ ಮೇಜಿನ ಈ ಒಬ್ಬಳೇ ಸುಳ್ಳಿಗೆ ಸಹಿ ಹಾಕಿರಲಿಲ್ಲ. ಸೋಮವಾರ ನಾವಿಬ್ಬರೇ ಸೇರಿ ನೀರು ಕುದಿಸೋಣ ಎಂದು ಅವಳು ಹೇಳುತ್ತಿದ್ದ ಹಾಗೇ ಹರಿದಾಸರು ಒಳಗೆ ಬಂದರು.

ಅವರು ನಿಂತುಕೊಂಡೇ ಹಾಳೆ ತಿರುವಿದರು. ತೊಂಬತ್ತೇಳು, ತೊಂಬತ್ತೇಳು. ನೀರು ನೂರಕ್ಕೆ ತಾನೇ ಕುದಿಯುವುದು, ಇದೇನು ಟೀಚರ್ ಎಂದು ಹುಬ್ಬು ಗಂಟಿಕ್ಕಿದರು. ಮಾನ್ಯಾಳ ಪುಟ ಬಂದಾಗ ಗಂಟು ಸಡಿಲವಾಯಿತು.

"ಪರವಾಯಿಲ್ಲೆಯೇ. ಮೂವತ್ತೆರಡರಲ್ಲಿ ಒಬ್ಬಳು. ಕೋಚಿಂಗ್‌ನಲ್ಲೂ ಇಷ್ಟೇ ಜನ ಪಾಸಾಗೋದು, ಟೀಚರ್. ಒಬ್ಬರ ಫೋಟೋ ಗೇಟ್‌ಗೆ ಹಾಕಿದ್ರೆ ಆಯ್ತು, ಪೇರೆಂಟ್ಸ್ ಸರಿಯಾಗಿಬಿಡ್ತಾರೆ." ಆಮೇಲೆ ಕನ್ನಡಕದ ಮೇಲಿಂದ ಅವಳನ್ನು ನೋಡಿದರು. "ಇದು ಈ ಹುಡುಗಿ ಸ್ವತಃ ಅಳೆದು ಬರೆದದ್ದು ತಾನೇ?"

ಇಲ್ಲ ಎನ್ನುವುದಕ್ಕೆ ಒಂದು ಉಸಿರು ಸಾಕಿತ್ತು. ಇಲ್ಲ ಎಂದರೆ ಗುರುವಾರ ಹೋಗುತ್ತದೆ, ಮುರಿದ ಕುರ್ಚಿಗಳು ವಾಪಸು ಬರುತ್ತವೆ. ಒಂದು ಸುಳ್ಳಿಗೆ ವರ್ಷವಿಡೀ ನಿಜವಾದ ಪ್ರಯೋಗಗಳು ಸಿಗುವುದಾದರೆ ತಪ್ಪೇನು ಎಂದು ಅವಳ ಮನಸ್ಸು ವಕಾಲತ್ತು ಶುರುಮಾಡಿತು. ಆ ವಕೀಲನೇ ಗೆದ್ದ.

"ಹೌದು ಸಾರ್," ಎಂದಳು ಚಿಕ್ಕತಾಯಮ್ಮ.

ಹರಿದಾಸರಿಗೆ ಖುಷಿಯಾಯಿತು. ಗುರುವಾರದ ಪೀರಿಯಡ್ಡುಗಳನ್ನು ಇಡೀ ವರ್ಷಕ್ಕೆ ಮಂಜೂರು ಮಾಡಿದರು. ಪುಟದ ಕೆಳಗಿನ ಖಾಲಿ ಜಾಗ ಕಣ್ಣಿಗೆ ಬಿದ್ದದ್ದು ಆಮೇಲೆ. ಜೇಬಿನಿಂದ ತಮ್ಮ ಪೆನ್ನನ್ನೇ ತೆಗೆದು, ಸಹಿ ಮರೆತಿದ್ದೀಯಲ್ಲ ಕಣ್ಣಾ, ಹಾಕು ಎಂದು ಅಕ್ಕರೆಯಿಂದ ಹುಡುಗಿಯ ಕೈಗೆ ಕೊಟ್ಟರು. ಮಾನ್ಯಾ ಮಿಸ್‌ನ ಮುಖ ನೋಡಿದಳು. ಮಿಸ್ ಕಿಟಕಿಯ ಹೊರಗೆ ಏನನ್ನೋ ನೋಡುತ್ತಿದ್ದಳು. ಸ್ವಲ್ಪ ಹೊತ್ತು ಕಾದು ಹುಡುಗಿ ಸಹಿ ಹಾಕಿದಳು.

ಸೋಮವಾರ ಇಬ್ಬರೂ ನೀರು ಕುದಿಸಲಿಲ್ಲ. ಚಿಕ್ಕತಾಯಮ್ಮ ಕರೆಯಲಿಲ್ಲ, ಮಾನ್ಯಾ ಬರಲಿಲ್ಲ. ಬುಧವಾರ ಗೇಟಿನ ಮೇಲೆ ಮಾನ್ಯಾಳ ಆಳೆತ್ತರದ ಫೋಟೋ ಬಂತು.

ಮುಂದಿನ ಗುರುವಾರ ಲೋಲಕದ ಪ್ರಯೋಗ. ದಾರಕ್ಕೆ ಗುಂಡು ಕಟ್ಟಿ ತೂಗಿಬಿಟ್ಟು, ಇಪ್ಪತ್ತು ಸಲ ಆಡುವುದಕ್ಕೆ ಎಷ್ಟು ಸೆಕೆಂಡು ಹಿಡಿಯುತ್ತದೆ ಎಂದು ಎಣಿಸಬೇಕು. ಚಿಕ್ಕತಾಯಮ್ಮ ಈ ಸಲ ಯಾವ ಕತೆಯನ್ನೂ ಹೇಳಲಿಲ್ಲ. ಹೇಗೆ ಎಣಿಸಬೇಕೆಂದು ತೋರಿಸಿ ಸುಮ್ಮನೆ ಪಕ್ಕಕ್ಕೆ ನಿಂತಳು. ಕೊನೇ ಮೇಜಿನಲ್ಲಿ ಒಂದು ಕೈ ಮೇಲೆದ್ದಿತು. ಹೋಗಿ ನೋಡಿದರೆ ಮಾನ್ಯಾ. ದಾರ ಬಿಗಿಯಾಗಿ ಎಳೆದು ಗುಂಡನ್ನು ಹಿಡಿದುಕೊಂಡಿದ್ದಳು, ಇನ್ನೂ ಬಿಟ್ಟಿರಲಿಲ್ಲ.

"ಮಿಸ್," ಎಂದು ಮೆಲ್ಲಗೆ ಕೇಳಿದಳು, "ಇವತ್ತು ಎಷ್ಟು ಬರಬೇಕು?"