ರಾಜನ ಮನುಷ್ಯ

"ಬಗ್ಗು ಬೇವರ್ಸಿ. ಬೆನ್ನಿಗೆ ಪೂರಾ ಹತ್ತಬೇಕು."

ದೋಹಾದ ಶಾಲೆಯ ಆಡಳಿತಾಧಿಕಾರಿ ನೆವಿಲ್ ದೂರ ನಿಂತು ಹೇಳುತ್ತಿದ್ದರು. ಕ್ಲೀನರ್ ಮುದ್ದುಕೃಷ್ಣ ಬಗ್ಗಿದ. ಡ್ರೈವರ್ ಮೊಯ್ದಿನ್ ಕುಂಞಿ ಅವನ ಬರಿಮೈಗೆ ಖರ್ಜೂರದ ಕಪ್ಪು ಪಾಕ ಬಳಿದು, ನಜ್ಮಾ ಬಡಾವಣೆಯ ಕೋಳಿ ಅಂಗಡಿಯಿಂದ ತಂದ ಪುಕ್ಕ ಮೆತ್ತಿದ. ಪುಕ್ಕದ ಬುಡದಲ್ಲಿ ಇನ್ನೂ ರಕ್ತವಿತ್ತು. ಆ ನಾತಕ್ಕೆ ಮುದ್ದುಕೃಷ್ಣ ಮುಖ ತಿರುಗಿಸಿದ.

"ಸ್ವಲ್ಪ ತಾಳ್ಕೊ ಮುದ್ದಣ್ಣ," ಎಂದ ಕುಂಞಿ, ಮೆಲ್ಲಗೆ.

೨೦೦೬ರ ವಾರ್ಷಿಕೋತ್ಸವದ ನಾಟಕ ಅದು. ಅಮೆರಿಕದವರು ಇಂಗ್ಲೆಂಡಿನ ರಾಜನ ಮೇಲೆ ದಂಗೆ ಎದ್ದಾಗ, ರಾಜನ ಕಡೆ ನಿಂತ ನೆರೆಯವನಿಗೆ ಊರವರೇ ಡಾಮರು ಬಳಿದು ಪುಕ್ಕ ಮೆತ್ತುತ್ತಿದ್ದರಂತೆ. ಆ ಪಾತ್ರಕ್ಕೆ ಮಗನನ್ನು ಕೊಡಲು ಯಾವ ಅಪ್ಪ ಅಮ್ಮನೂ ಒಪ್ಪಲಿಲ್ಲ. ಕಕ್ಕಸು ತೊಳೆಯುವ ಮೈ ಒಂದಿತ್ತಲ್ಲ, ಅದಕ್ಕೆ ಯಾರ ಒಪ್ಪಿಗೆ ಬೇಕು?

ಕುಂಞಿಯನ್ನು ಬಕೆಟ್ಟು ತೊಳೆಯಲು ಅಟ್ಟಿ, ಮೂಗಿಗೆ ಕರವಸ್ತ್ರ ಹಿಡಿದು ನೆವಿಲ್ ಹತ್ತಿರ ಬಂದರು.

"ನಿನ್ನ ಹೆಂಡತಿಗೆ ಆಪರೇಶನ್ ಯಾವತ್ತು?"

"ಬುಧವಾರ ಸಾರ್."

"ಪಾಸ್‌ಪೋರ್ಟ್ ನನ್ನ ಡ್ರಾಯರಲ್ಲಿ ಉಂಟು. ಎಕ್ಸಿಟ್ ಪೇಪರೂ ರೆಡಿ, ನನ್ನ ಸಹಿ ಬೀಳದೆ ನೀನು ಈ ದೇಶ ಬಿಡುವ ಹಾಗಿಲ್ಲ. ಒಂಬತ್ತು ಜನಕ್ಕೆ ಒಂದೇ ರೂಮು, ನೀರು ಮಾಫಿ, ಹನಿಯೂ ಇಲ್ಲ ಅಂತ ಎಂಬೆಸಿಗೆ ಹೆಸರಿಲ್ಲದ ಕಾಗದ ಬರೆದದ್ದು ಯಾವ ನಾಯಿ? ಹೇಳು, ನಾಳೆಯೇ ಹೋಗು. ನೀನು ನಮ್ಮ ಜನ ಅಲ್ವಾ, ಊರಿನವ."

ಬರೆದದ್ದು ಕುಂಞಿ. ಹೆಸರು ನಾಲಿಗೆಯ ತುದಿಗೆ ಬಂದೇ ಬಿಟ್ಟಿತ್ತು. ಮುದ್ದುಕೃಷ್ಣನಿಗೆ ಪುಕ್ಕಕ್ಕಿಂತ ತನ್ನ ನಾಲಿಗೆಯ ಮೇಲೆಯೇ ಹೆಚ್ಚು ಹೇಸಿಗೆಯಾಯಿತು.

"ನಾಟಕ ಮುಗಿಸಿ ಹೇಳ್ತೇನೆ ಸಾರ್."

"ಖಲಾಸ್, ಹಾಗೇ ಆಗಲಿ. ಮೊದಲನೇ ಸಾಲಲ್ಲೇ ಇರ್ತೇನೆ."

ಎಂಟನೇ ತರಗತಿಯ ಮಕ್ಕಳು ಅವನನ್ನು ಕೋಲಿನಿಂದ ತಿವಿಯುತ್ತ ವೇದಿಕೆಗೆ ನೂಕಿದರು. ಅಪ್ಪ ಅಮ್ಮಂದಿರು ಬಿದ್ದು ಬಿದ್ದು ನಕ್ಕರು. ಬಿಳಿ ಸೂಟು ತೊಟ್ಟು ಅತಿಥಿಗಳ ನಡುವೆ ಕೂತಿದ್ದ ನೆವಿಲ್ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು.

ನೀನು ಯಾರ ಮನುಷ್ಯ ಎಂದು ಒಬ್ಬ ಹುಡುಗ ಇಂಗ್ಲಿಷಿನಲ್ಲಿ ಕೇಳಿದ. ರಾಜನ ಮನುಷ್ಯ ಎಂದು ಹೇಳಿ ಕಾಲಿಗೆ ಬೀಳಬೇಕು. ಮುದ್ದುಕೃಷ್ಣನಿಗೆ ಕಲಿಸಿದ್ದು ಅಷ್ಟೇ.

"ರಾಜನ ಮನುಷ್ಯ," ಎಂದು ಅವನು ಕನ್ನಡದಲ್ಲೇ ಹೇಳಿದ. ಕಾಲಿಗೆ ಬೀಳಲಿಲ್ಲ. ಮೆಟ್ಟಿಲಿಳಿದು ನೇರ ಮೊದಲ ಸಾಲಿಗೆ ಬಂದು ನೆವಿಲ್ ಅವರನ್ನು ಗಟ್ಟಿಯಾಗಿ ತಬ್ಬಿಕೊಂಡ, ಎದೆಗೆ ಎದೆ, ಕೆನ್ನೆಗೆ ಕೆನ್ನೆ.

"ಬಿಡೋ ಬೋಳಿಮಗನೇ."

"ನಾನು ನಿಮ್ಮ ಜನ ಅಲ್ವಾ ಸಾರ್. ಹೆಸರು ಬರ್ಕೊಳ್ಳಿ. ಕಾಗದ ಬರೆದದ್ದು ನಾನೇ."

ಇದೂ ನಾಟಕವೆಂದು ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಬುಧವಾರಕ್ಕೆ ನಾಲ್ಕು ದಿನವಿತ್ತು. ಮುದ್ದುಕೃಷ್ಣ ಹಿಡಿತ ಸಡಿಲಿಸಲಿಲ್ಲ. ಬಿಳಿ ಸೂಟಿಗೆ ಒಂದೊಂದೇ ಪುಕ್ಕ ಹತ್ತಿಕೊಳ್ಳುತ್ತಿತ್ತು.