ಎರಡನೇ ಸ್ಯಾಂಪಲ್

"ಏನು ನೀರಮ್ಮ, ಮತ್ತೆ ಡ್ರಿಪ್ ಹಾಕಿರೋ ಕೈಯಿಂದಾನೇ ರಕ್ತ ಎಳೆದ್ರಾ?"

ಲ್ಯಾಬಿನವನ ನಗು ಫೋನಿನಾಚೆಗೂ ಕೇಳಿಸುವಂತಿತ್ತು. ನರ್ಸ್ ರಿಸೀವರನ್ನು ಕಿವಿಗೆ ಒತ್ತಿಕೊಂಡಳು. ಹೋದ ತಿಂಗಳು ಒಂದು ಸಲ, ಒಂದೇ ಒಂದು ಸಲ, ಅವಳು ಸಲೈನ್ ಹರಿಯುತ್ತಿದ್ದ ಕೈಯಿಂದ ಸ್ಯಾಂಪಲ್ ತೆಗೆದಿದ್ದಳು. ಸಲೈನ್ ಬೆರೆತು ರಕ್ತ ತೆಳ್ಳಗಾಗಿ, ಹಿಮೋಗ್ಲೋಬಿನ್ ನಾಲ್ಕು ಅಂತ ಬಂದು, ಆರಾಮಾಗಿ ಪೇಪರ್ ಓದುತ್ತಿದ್ದ ಮುದುಕನೊಬ್ಬನಿಗೆ ರಕ್ತ ಏರಿಸಲು ಎಲ್ಲರೂ ಎದ್ದುಬಿದ್ದು ಓಡಿದ್ದರು. ಅಂದಿನಿಂದ ಅವಳು ನೀರಮ್ಮ. ಕೆಲಸಕ್ಕೆ ಸೇರಿದ ನಾಲ್ಕು ತಿಂಗಳಲ್ಲಿ ಸಂಪಾದಿಸಿದ ಬಿರುದು ಇದೊಂದೇ.

"ಎಷ್ಟು ಬಂದಿದೆ ಅಣ್ಣ?"

"ಆರೂವರೆ. ಬೆಳಿಗ್ಗೆ ಆಪರೇಷನ್ನಿಗೆ ಮುಂಚೆ ಹನ್ನೊಂದೂವರೆ ಇತ್ತಲ್ಲ! ಇನ್ನೊಂದು ಕಳ್ಸಿ ತಾಯಿ. ಇದನ್ನ ಬರೆದುಕೊಟ್ರೆ ನಂಗೂ ಬೈತಾರೆ."

"ಇಲ್ಲ ಅಣ್ಣ, ಡ್ರಿಪ್ ಬಲಗೈಲಿದೆ. ನಾನು ಎಡಗೈಯಿಂದ ತೆಗೆದಿದ್ದು." ಹೇಳುವಾಗಲೇ ಅವಳಿಗೆ ತನ್ನ ಮೇಲೇ ಅನುಮಾನ ಬಂತು. ಫೋನಿಟ್ಟು ಮಂಚದ ಹತ್ತಿರ ಓಡಿದಳು.

ಮಂಚದ ಮೇಲಿದ್ದವಳು ಟೈಲರ್, ನಲವತ್ತೂ ತುಂಬಿರಲಿಲ್ಲ. ಬೆಳಿಗ್ಗೆ ಗರ್ಭಕೋಶ ತೆಗೆದಿದ್ದರು. ಎಡ ಮೊಣಕೈಯ ಮಡಿಕೆಯಲ್ಲಿ ಹತ್ತಿ, ಅದರ ಮೇಲೆ ನರ್ಸೇ ಅಂಟಿಸಿದ್ದ ಪ್ಲಾಸ್ಟರ್. ಎಡಗೈಯೇ. ಹಾಗಾದರೆ ಆರೂವರೆ ನಿಜ.

ಮಾನಿಟರಿನಲ್ಲಿ ಬಿಪಿ ನೂರಾಹತ್ತು. ಎರಡು ಬಾಟಲಿ ಸಲೈನ್ ಒಳಗೆ ಹೋಗಿತ್ತು, ಒತ್ತಡಕ್ಕೇನು ಕೊರತೆ? ನರ್ಸ್ ಅವಳ ಬೆರಳಿನ ಉಗುರನ್ನು ಒತ್ತಿ ಬಿಟ್ಟಳು. ಬಿಳಿಚಿದ ಉಗುರಿಗೆ ಎರಡು ಎಣಿಸುವಷ್ಟರಲ್ಲಿ ಬಣ್ಣ ಮರಳಬೇಕು. ಐದು ಎಣಿಸಿದರೂ ಬರಲಿಲ್ಲ. ಬಸ್ಸೇನೋ ಊರೂರಿಗೆ ಓಡುತ್ತಿದೆ, ಒಳಗೆ ಜನವೇ ಇಲ್ಲ ಅನ್ನುವ ಹಾಗೆ. ಕೂದಲೆಳೆಗಿಂತ ಸಣ್ಣ ನಾಳಗಳಿಗೆ ಉಸಿರು ಹೊತ್ತು ಹೋಗಬೇಕಾದ ಕೆಂಪು ಕಣಗಳು ಹೊಟ್ಟೆಯೊಳಗೆಲ್ಲೋ ಸೋರಿಹೋಗುತ್ತಿವೆ ಅಂತ ಅವಳಿಗೆ ಖಾತ್ರಿಯಾಯಿತು.

"ಅಕ್ಕಾ, ಕಿಟಕಿ ತೆಗಿಯೇ. ಗಾಳಿ ಸಾಲ್ತಿಲ್ಲ," ಅಂದಳು ಟೈಲರ್, ತಲೆಯನ್ನು ಆ ಕಡೆ ಈ ಕಡೆ ಹೊರಳಿಸುತ್ತಾ.

"ತೆಗೆದೇ ಇದೆಯಲ್ಲೇ," ಅಂದಳು ಪಕ್ಕದಲ್ಲಿ ಕೂತಿದ್ದ ಅಕ್ಕ. ನರ್ಸಿನ ಕಡೆ ತಿರುಗಿ ನಕ್ಕಳು. "ಇವಳು ಚಿಕ್ಕಂದಿನಿಂದ ಹೀಗೇ ಸಿಸ್ಟರ್. ಬೆರಳಿಗೆ ಸೂಜಿ ಚುಚ್ಚಿದ್ರೂ ಊರು ಸೇರಿಸ್ತಾಳೆ. ಅದು ಹೇಗೆ ಟೈಲರ್ ಆದಳೋ!"

ನರ್ಸಿಗೆ ನಗು ಬರಲಿಲ್ಲ. ಎಮರ್ಜೆನ್ಸಿಯಲ್ಲಿದ್ದ ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿದಳು.

"ಬಿಪಿ ಎಷ್ಟಿದೆ?"

"ನೂರಾಹತ್ತು ಸರ್. ಆದ್ರೆ ನಾಡಿ ನೂರಿಪ್ಪತ್ತೆಂಟು. ಕೈಕಾಲು ತಣ್ಣಗಿದೆ."

"ನೋವಿರುತ್ತೆ, ಅದಕ್ಕೇ. ಇಷ್ಟು ಬಿಪಿ ಇರೋರಿಗೆ ಆರೂವರೆ ಹೇಗ್ರೀ ಬರುತ್ತೆ? ಈ ಸಲನಾದ್ರೂ ಸರಿಯಾದ ಕೈಯಿಂದ ತೆಗೀರಿ. ಮೂರನೇ ಬಾಟಲಿ ಹಾಕಿ."

"ಸರ್, ಒಂದ್ಸಲ ನೀವೇ ಬಂದು..."

ಫೋನ್ ಕಟ್ಟಾಗಿತ್ತು.

ಇಲ್ಲೇ ಅವಳು ಜಗಳಕ್ಕೆ ನಿಲ್ಲಬೇಕಿತ್ತು. ಆಪರೇಷನ್ ಥಿಯೇಟರಿನ ಬಾಗಿಲು ಬಡಿದು, ಬೆಳಿಗ್ಗೆ ಆಪರೇಷನ್ ಮಾಡಿದ್ದ ದೊಡ್ಡ ಡಾಕ್ಟರನ್ನೇ ಕರೆಯಬೇಕಿತ್ತು. ಆದರೆ ಒಮ್ಮೆ ನಗೆಪಾಟಲಾದವರಿಗೆ ದನಿಯೇ ಏಳುವುದಿಲ್ಲ, ಏನು ಮಾಡುವುದು! ಅವಳು ಹೊಸ ಸೂಜಿ ಬಿಚ್ಚಿ, ಅಕ್ಕನನ್ನು ಹತ್ತಿರ ಕರೆದಳು.

"ಅಮ್ಮ, ಇಲ್ಲಿ ನೋಡ್ಕೊಳ್ಳಿ. ಇದು ಯಾವ ಕೈ?"

"ಎಡಗೈ. ಯಾಕೆ ಸಿಸ್ಟರ್?"

"ಏನಿಲ್ಲ, ಸುಮ್ನೆ."

ಸಿರಿಂಜಿಗೆ ಏರಿದ ರಕ್ತ ತೆಳ್ಳಗಿತ್ತು. ಅದನ್ನು ಲ್ಯಾಬಿಗೆ ಕಳಿಸಿ, ಹೇಳಿದಂತೆ ಮೂರನೇ ಬಾಟಲಿಯನ್ನೂ ತೂಗುಹಾಕಿದಳು. ತನ್ನ ಕೈಯಾರೆ ಹಾಕಿದಳು.

ನಲವತ್ತು ನಿಮಿಷ ಕಳೆಯಿತು. ಈ ಸಲ ಫೋನ್ ಬರಲಿಲ್ಲ. ಲ್ಯಾಬಿನವನೇ ಎರಡು ಮಹಡಿ ಹತ್ತಿ ಏದುಸಿರು ಬಿಡುತ್ತಾ ಬಂದ. "ನಾಲ್ಕು ಮುಕ್ಕಾಲು ಸಿಸ್ಟರ್," ಅಂದ. ನೀರಮ್ಮ ಅನ್ನಲಿಲ್ಲ. ಅಷ್ಟು ಹೊತ್ತಿಗೆ ಬಿಪಿ ಎಪ್ಪತ್ತಕ್ಕಿಳಿದಿತ್ತು, ಟೈಲರ್ ಗಾಳಿ ಕೇಳುವುದನ್ನೂ ನಿಲ್ಲಿಸಿದ್ದಳು. ಆಮೇಲೆ ಯಾರಿಗೂ ಯಾವ ಅನುಮಾನವೂ ಉಳಿಯಲಿಲ್ಲ. ಡ್ಯೂಟಿ ಡಾಕ್ಟರು ಓಡಿ ಬಂದರು, ರಕ್ತದ ಚೀಲಗಳು ಬಂದವು, ಸ್ಟ್ರೆಚರ್ ಥಿಯೇಟರಿಗೆ ಹೋಯಿತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಮಧ್ಯಾಹ್ನ ಮೂರಕ್ಕೆ ಅವಳನ್ನು ವಾಪಸ್ ತಂದರು. ಹಿಂದೆಯೇ ಬಂದ ದೊಡ್ಡ ಡಾಕ್ಟರು ನರ್ಸನ್ನು ಬಾಗಿಲ ಬಳಿ ಕರೆದರು.

"ಒಳಗೆ ರಕ್ತನಾಳಕ್ಕೆ ಹಾಕಿದ್ದ ಒಂದು ಗಂಟು ಜಾರಿತ್ತು. ಈಗ ರಕ್ತ ನಿಂತಿದೆ. ಆದ್ರೆ ಅಷ್ಟು ಹೊತ್ತು ಕಿಡ್ನಿಗೆ ಆಮ್ಲಜನಕ ಸರಿಯಾಗಿ ಸಿಕ್ಕಿಲ್ಲ. ಮೂತ್ರ ಬಂದ್ರೆ ಗೆದ್ದಂಗೆ. ಗಂಟೆಗೊಂದ್ಸಲ ನೋಡ್ತಿರಿ. ಮನೆಯವರಿಗೆ ಈಗಲೇ ಏನೂ ಹೇಳ್ಬೇಡಿ."

ನಾಲ್ಕಕ್ಕೆ ನೋಡಿದಳು. ಐದಕ್ಕೆ ನೋಡಿದಳು. ಆ ನಲವತ್ತು ನಿಮಿಷ ಅವಳ ತಲೆಯಿಂದ ಇಳಿಯಲೊಲ್ಲದು. ಡ್ಯೂಟಿ ಮುಗಿದರೂ ಮನೆಗೆ ಹೋಗಲಿಲ್ಲ. ಆರಕ್ಕೆ ಮತ್ತೆ ಬಂದಾಗ ಅಕ್ಕ ಎದ್ದು ಬಂದು ಅವಳ ಎರಡೂ ಕೈ ಹಿಡಿದುಕೊಂಡಳು.

"ನೋಡಿ ಸಿಸ್ಟರ್, ತುಟಿಗೆ ಬಣ್ಣ ಬಂತು! ಗಂಡಾಂತರ ಕಳೀತಲ್ವಾ? ನೀವಿಲ್ದೇ ಇದ್ದಿದ್ರೆ ನನ್ ತಂಗಿ ಗತಿ ಏನಾಗ್ತಿತ್ತು!"

ನರ್ಸ್ ಮೆಲ್ಲಗೆ ಕೈ ಬಿಡಿಸಿಕೊಂಡಳು. ಮಂಡಿಯೂರಿ ಕೂತು, ಮಂಚದ ಪಕ್ಕಕ್ಕೆ ಕಟ್ಟಿದ್ದ ಮೂತ್ರದ ಚೀಲವನ್ನು ಬೆಳಕಿಗೆ ತಿರುಗಿಸಿದಳು. ಕೊಳವೆ ಎಲ್ಲಾದರೂ ಮಡಚಿದೆಯೇನೋ ಅಂತ ಉದ್ದಕ್ಕೂ ಬೆರಳಾಡಿಸಿದಳು. ಎಲ್ಲೂ ಮಡಚಿರಲಿಲ್ಲ. ಚೀಲದ ಎರಡು ಮಗ್ಗುಲೂ, ಹೊಸದಾಗಿ ಬಿಚ್ಚಿದಾಗ ಇದ್ದಂತೆಯೇ, ಒಂದಕ್ಕೊಂದು ಅಂಟಿಕೊಂಡಿದ್ದವು.